ಕಾರವಾರದ ಕಾರನ್ನು ಟ್ರ್ಯಾಕ್ ಡೇಗೆ ಸಜ್ಜು ಮಾಡುವುದು

ಟ್ರ್ಯಾಕ್ ಡೇಗೆ ಹೆಸರು ಕೊಟ್ಟ ನಮ್ಮೂರ ಹುಡುಗರು ಫೋನ್ ಮಾಡಿ ಕೇಳುವ ಮೊದಲ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. ರಿಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಿಸುವುದು) ಮಾಡಿಸಬೇಕಾ? ಸೈಲೆನ್ಸರ್ ಬದಲಿಸಬೇಕಾ? ಏರ್ ಫಿಲ್ಟರ್ ಯಾವುದು ಹಾಕಲಿ? ಅದೆಲ್ಲ ಆಮೇಲೆ ನೋಡೋಣ, ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದು ಹೇಳಿ ಅನ್ನುತ್ತೇನೆ. ಆ ಕಡೆಯಿಂದ ಮಾತೇ ಬರುವುದಿಲ್ಲ. ಎಂಜಿನ್ ಆಯಿಲ್ ಬದಲಿಸಿದ ತಾರೀಕು ಎಲ್ಲರಿಗೂ ನೆನಪಿರುತ್ತದೆ, ಬ್ರೇಕ್ ಆಯಿಲಿನದ್ದು ಯಾರಿಗೂ ಇರುವುದಿಲ್ಲ. ಸಮುದ್ರದ ಪಕ್ಕ ನಿಲ್ಲುವ ಕಾರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಆದ್ದರಿಂದ ಈ ಬರಹದಲ್ಲಿ ಬ್ರೇಕಿನ ಮಾತೇ ಜಾಸ್ತಿ ಇದೆ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ. ಬಹುಮಾನ ಇಲ್ಲ, ಮೊದಲು ಬಂದವರು ಯಾರು ಎಂಬ ಲೆಕ್ಕ ಇಲ್ಲ. ಕಾರ್ ಕ್ಲಬ್ಬಿನವರೋ ಬೇರೆ ಆಯೋಜಕರೋ ರೇಸ್ ಟ್ರ್ಯಾಕನ್ನು ಒಂದು ದಿನಕ್ಕೆ ಬಾಡಿಗೆಗೆ ಹಿಡಿಯುತ್ತಾರೆ. ನಾವು ದುಡ್ಡು ಕಟ್ಟಿ ನಮ್ಮದೇ ಕಾರು ತಂದು ಓಡಿಸುತ್ತೇವೆ. ಎದುರಿನಿಂದ ಬಸ್ಸು ಬರುವುದಿಲ್ಲ, ದನ ಅಡ್ಡ ಬರುವುದಿಲ್ಲ. ಅನುಭವ ನೋಡಿ ಗುಂಪು ಮಾಡುತ್ತಾರೆ. ಸಾಮಾನ್ಯವಾಗಿ 15–20 ನಿಮಿಷದ ಒಂದೊಂದು ಸೆಷನ್, ಮಧ್ಯೆ ಬಿಡುವು.

ನಮ್ಮ ಕಡೆಯಿಂದ ಹೋಗುವವರಿಗೆ ಅನುಕೂಲವಾದ ಜಾಗ ಎರಡು. ಒಂದು, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. 1990ರಲ್ಲಿ ಶುರುವಾದದ್ದು. ಒಂದು ಸುತ್ತಿಗೆ 3.717 ಕಿ.ಮೀ., 12 ತಿರುವು. ಇನ್ನೊಂದು, ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎಸ್. ಕರಿವರ್ಧನ್ ಅವರ ಹೆಸರಿನ ಈ ಟ್ರ್ಯಾಕು ಚಿಕ್ಕದು, 2.1 ಕಿ.ಮೀ. ಎರಡರಲ್ಲಿ ಯಾವುದಾದರೂ ಸರಿ, ತಯಾರಿ ಒಂದೇ.

ನನ್ನದು ಪೋಲೋ 1.0 ಟಿಎಸ್‌ಐ, ಆರು ಗೇರಿನದು. ಮುಂದೆ ಡಿಸ್ಕ್, ಹಿಂದೆ ಡ್ರಮ್. ನಿಮ್ಮದು ಇದಕ್ಕಿಂತ ದೊಡ್ಡ ಸ್ಪೋರ್ಟ್ಸ್ ಕಾರಾಗಿದ್ದರೆ ವೇಗ ಜಾಸ್ತಿ, ತೂಕ ಜಾಸ್ತಿ. ಬ್ರೇಕಿಗೆ ಬೀಳುವ ಕಾವೂ ಅಷ್ಟೇ ಜಾಸ್ತಿ.

ಬ್ರೇಕ್ ಆಯಿಲ್

ನಮ್ಮ ಕಾರುಗಳಲ್ಲಿ ಇರುವ ಡಾಟ್ (ಬ್ರೇಕ್ ಆಯಿಲಿನ ದರ್ಜೆ) 3, ಡಾಟ್ 4, ಡಾಟ್ 5.1 ಬ್ರೇಕ್ ಆಯಿಲ್‌ಗಳು ಗಾಳಿಯ ತೇವ ಹೀರುತ್ತವೆ. ಮುಚ್ಚಳ ಬಿಗಿಯಾಗಿದ್ದರೂ ರಬ್ಬರ್ ಹೋಸಿನ ಮೂಲಕ ಸ್ವಲ್ಪ ಸ್ವಲ್ಪವೇ ತೇವ ಒಳಗೆ ಹೋಗುತ್ತಲೇ ಇರುತ್ತದೆ. ಹೊಸ ಡಾಟ್ 4 ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಅದೇ ಆಯಿಲ್ ನೂರಕ್ಕೆ 3.7 ಪಾಲು ನೀರು ಹೀರಿದ ಮೇಲೆ 155 ಡಿಗ್ರಿವರೆಗೆ ತಡೆದರೆ ಸಾಕು ಎಂದು ನಿಯಮವೇ ಒಪ್ಪಿಕೊಳ್ಳುತ್ತದೆ. ಡಾಟ್ 3ಕ್ಕೆ ಈ ಲೆಕ್ಕ 205 ಮತ್ತು 140, ಡಾಟ್ 5.1ಕ್ಕೆ 260 ಮತ್ತು 180.

ಟ್ರ್ಯಾಕಿನಲ್ಲಿ ನೇರ ದಾರಿ ಮುಗಿಯುವಾಗಲೆಲ್ಲ ಜೋರಾಗಿ ಬ್ರೇಕ್ ಹಾಕಬೇಕು. ಡಿಸ್ಕು ಆರಲು ಬಿಡುವೇ ಸಿಗುವುದಿಲ್ಲ. ಆ ಕಾವು ಪ್ಯಾಡ್ ದಾಟಿ, ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನೊಳಗಿನ ಆಯಿಲಿಗೆ ತಲುಪುತ್ತದೆ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ಆಯಿಲನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಕುಗ್ಗಿಸಬಹುದು. ಆಗ ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ.

ಬಯಲುಸೀಮೆಯ ಕಾರಿಗೆ ಎರಡು ವರ್ಷಕ್ಕೊಮ್ಮೆ ಬದಲಿಸಿದರೆ ನಡೆಯುತ್ತದೆ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರದ ಕಾರಿಗೆ ನಾನು ಅದನ್ನು ಒಪ್ಪುವುದಿಲ್ಲ. ಮಳೆಗಾಲ ಮುಗಿದ ಮೇಲೂ ನಮ್ಮಲ್ಲಿ ಗಾಳಿ ಒಣಗುವುದಿಲ್ಲ, ಕಪಾಟಿನಲ್ಲಿಟ್ಟ ಬೆಲ್ಟಿಗೆ ಬೂಸ್ಟು ಬರುತ್ತದೆ. ಶಿರಸಿಯವರು ನಮಗೆ ಸಮುದ್ರ ಇಲ್ಲವಲ್ಲ ಅನ್ನಬೇಡಿ. ಉಪ್ಪು ಇಲ್ಲ ಅಷ್ಟೇ, ತೇವ ನಿಮ್ಮಲ್ಲೂ ಧಾರಾಳ. ಟ್ರ್ಯಾಕಿಗೆ ಹೋಗುವ ಮುಂಚೆ, ಹೋದ ಸಲ ಯಾವಾಗ ಬದಲಿಸಿದ್ದರೂ ಸರಿ, ಪೂರ್ತಿ ಬದಲಿಸಿ. ಒಳ್ಳೆಯ ಡಾಟ್ 4 ಸಾಕು. ಸೀಲ್ ಒಡೆಯದ ಡಬ್ಬಿಯೇ ಆಗಬೇಕು. ಹೋದ ವರ್ಷ ಅರ್ಧ ಉಳಿದ ಡಬ್ಬಿ ಕಪಾಟಿನಲ್ಲಿದ್ದರೆ ಅದನ್ನು ಮರೆತುಬಿಡಿ. ಬರೀ ಡಾಟ್ 5 ಎಂದು ಬರೆದದ್ದು ಸಿಲಿಕೋನಿನದು, ಅದನ್ನು ಇದರ ಜೊತೆ ಸೇರಿಸಲೇಬಾರದು.

ಬದಲಿಸಲು ಇಬ್ಬರು ಬೇಕು. ನಮ್ಮ ಮನೆಯಲ್ಲಿ ಪೆಡಲ್ ಒತ್ತುವ ಕೆಲಸ ತಮ್ಮನದು. ಹಿಂದಿನ ರಾತ್ರಿಯೇ, ಚಕ್ರದ ಹತ್ತಿರ ಹಳೆ ಆಯಿಲ್ ಹೊರಬಿಡಲು ಇರುವ ನಾಲ್ಕೂ ಬ್ಲೀಡಿಂಗ್ ನಿಪ್ಪಲ್‌ಗಳಿಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡುತ್ತೇನೆ. ನಿಪ್ಪಲಿನ ರಬ್ಬರ್ ಟೊಪ್ಪಿ ಬಿದ್ದುಹೋಗಿದ್ದರೆ ನಮ್ಮಲ್ಲಿ ಅದು ಒಂದೇ ಮಳೆಗಾಲದಲ್ಲಿ ಹಿಡಿದುಬಿಡುತ್ತದೆ. ಬಿಚ್ಚಲು ಆರು ಮೂಲೆಯ ಸಾಕೆಟ್ಟನ್ನೇ ಬಳಸಿ. ಬಾಯಿ ತೆರೆದ ಪಾನಾ ಹಾಕಿದರೆ ಮೂಲೆ ಸವೆದುಹೋಗುತ್ತದೆ. ಆಮೇಲೆ ಕ್ಯಾಲಿಪರ್ ಬಿಚ್ಚಿ ಲೇತ್ ಅಂಗಡಿಗೆ ಅಲೆಯಬೇಕು.

ಕಾರನ್ನು ಸಮನೆಲದಲ್ಲಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಬರೀ ಜಾಕ್ ನಂಬಬೇಡಿ. ಬೋನೆಟ್ಟಿನಡಿ ಇರುವ ಬ್ರೇಕ್ ಆಯಿಲಿನ ಮೇಲಿನ ಡಬ್ಬಿಯ ಹಳೆ ಆಯಿಲನ್ನು ಸಿರಿಂಜಿನಲ್ಲಿ ಎಳೆದು ಹೊಸದು ತುಂಬಿ. ನಿಪ್ಪಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯೊಳಗಿನ ಆಯಿಲಿನಲ್ಲಿ ಮುಳುಗಿರಲಿ. ಪೆಡಲ್ ಕೆಳಗೆ ಒಂದು ಮರದ ತುಂಡು ಇಡಿ. ದಿನಾ ಪೆಡಲ್ ಅಷ್ಟು ಕೆಳಗೆ ಹೋಗುವುದಿಲ್ಲ, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನ ಆ ಭಾಗದಲ್ಲಿ ತುಕ್ಕು ಇರಬಹುದು. ರಬ್ಬರ್ ಸೀಲ್ ಅದರ ಮೇಲೆ ಉಜ್ಜಿದರೆ ಹರಿಯುತ್ತದೆ.

ಆಮೇಲೆ ತಾಳಕ್ಕೆ ತಕ್ಕ ಕೆಲಸ. ತಮ್ಮ ಪೆಡಲ್ ಒತ್ತಿ ಹಿಡಿಯುತ್ತಾನೆ, ನಾನು ನಿಪ್ಪಲನ್ನು ಕಾಲು ಸುತ್ತು ಸಡಿಲ ಮಾಡುತ್ತೇನೆ. ಹಾಲಿಲ್ಲದ ಚಾ ಥರದ ಹಳೆ ಆಯಿಲ್ ಪೈಪಿನಲ್ಲಿ ಇಳಿಯುತ್ತದೆ.

“ಅಣ್ಣಾ, ಬಿಡ್ಲಾ?”

“ತಡಿ, ಬಿಗಿ ಮಾಡ್ತೆ... ಹಾಂ, ಈಗ ಬಿಡು.”

ನಿಪ್ಪಲ್ ಬಿಗಿ ಮಾಡುವ ಮೊದಲೇ ಪೆಡಲ್ ಬಿಟ್ಟರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಪೈಪಿನಲ್ಲಿ ಹೊಸ ಆಯಿಲಿನ ತಿಳಿ ಬಣ್ಣ ಬಂದು ಗುಳ್ಳೆ ಪೂರ್ತಿ ನಿಲ್ಲುವವರೆಗೆ ಹೀಗೇ ಮುಂದುವರಿಸಬೇಕು. ಮೇಲಿನ ಡಬ್ಬಿ ಮಾತ್ರ ಖಾಲಿಯಾಗಲು ಬಿಡಬಾರದು. ಎಬಿಎಸ್ (ಜೋರು ಬ್ರೇಕಿಗೆ ಚಕ್ರ ಲಾಕ್ ಆಗದಂತೆ ತಡೆಯುವ) ಘಟಕದೊಳಗೆ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಸ್ಕ್ಯಾನರ್ ಇರುವ ಗ್ಯಾರೇಜಿಗೇ ಹೋಗಬೇಕಾಗಬಹುದು. ಯಾವ ಚಕ್ರ ಮೊದಲು, ಯಾವುದು ಕೊನೆಗೆ ಎಂಬುದು ನಿಮ್ಮ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಆಯಿಲ್ ಬಣ್ಣಕ್ಕೆ ತಾಗಿದರೆ ಬಣ್ಣ ಕೀಳುತ್ತದೆ, ತಕ್ಷಣ ನೀರು ಹಾಕಿ. ಕೊನೆಗೆ ಎಂಜಿನ್ ಚಾಲು ಮಾಡಿ ಪೆಡಲ್ ಗಟ್ಟಿಯಾಗಿ ನಿಲ್ಲುತ್ತದಾ ನೋಡಿ. ಓಣಿಯಲ್ಲೇ ನಿಧಾನ ಓಡಿಸಿ ನಿಲ್ಲಿಸಿ ನೋಡಿ, ಆಮೇಲೆ ರಸ್ತೆಗೆ ಇಳಿಸಿ.

ಇದೆಲ್ಲ ರೂಢಿ ಇಲ್ಲದವರು ಗ್ಯಾರೇಜಿನಲ್ಲೇ ಮಾಡಿಸಿ. ಆದರೆ ಅಲ್ಲೇ ನಿಂತುಕೊಳ್ಳಿ. ಡಬ್ಬಿಯ ಸೀಲ್ ನಿಮ್ಮೆದುರೇ ಒಡೆಯಲಿ, ನಾಲ್ಕೂ ಚಕ್ರದಿಂದ ಹಳೆಯದು ಹೊರಗೆ ಬರಲಿ. ಸುಮ್ನೆ ಮೇಲಿನ ಡಬ್ಬಿಯದ್ದು ತೆಗೆದು ಹೊಸದು ಸುರಿದರೆ ಅದು ಬದಲಿಸಿದ ಹಾಗಲ್ಲ.

ಪ್ಯಾಡು, ಡಿಸ್ಕು, ಡ್ರಮ್ಮು

ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಬಂದವರಿಗೆ ಸುಟ್ಟ ಬ್ರೇಕಿನ ವಾಸನೆ ಪರಿಚಯ ಇದ್ದೇ ಇರುತ್ತದೆ. ಅದು ಪ್ಯಾಡಿನ ವಾಸನೆ. ಪ್ಯಾಡ್ ಕಾಯುವುದು, ಆಯಿಲ್ ಕುದಿಯುವುದು, ಈ ಎರಡರ ವ್ಯತ್ಯಾಸ ಕಾಲಿಗೆ ಗೊತ್ತಾಗಬೇಕು. ಪೆಡಲ್ ಗಟ್ಟಿಯಾಗಿದ್ದೂ ಕಾರು ನಿಲ್ಲದಿದ್ದರೆ ಪ್ಯಾಡ್ ಕಾದಿದೆ. ಪೆಡಲ್ಲೇ ಮೆತ್ತಗಾಗಿ ಇಳಿದರೆ ಆಯಿಲ್ ಕುದಿದಿದೆ. ಎರಡರಲ್ಲೂ ವೇಗ ಇಳಿಸಿ, ನಿಧಾನ ಪಿಟ್ಟಿಗೆ (ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಜಾಗ) ಬನ್ನಿ. ಪೆಡಲ್ ಮೆತ್ತಗಾಗಿದ್ದರೆ ಆಯಿಲ್ ಬದಲಿಸದೆ ಮತ್ತೆ ಹೊರಗೆ ಹೋಗಬಾರದು, ಆರಿದ ಮೇಲೆ ಸರಿ ಅನ್ನಿಸಿದರೂ ಹೋಗಬಾರದು.

ಪ್ಯಾಡ್ ಅರ್ಧಕ್ಕಿಂತ ಜಾಸ್ತಿ ಇರಲಿ. ಊರಲ್ಲಿ ತಿಂಗಳುಗಟ್ಟಲೆ ಬರುವಷ್ಟು ಪ್ಯಾಡ್ ಟ್ರ್ಯಾಕಿನಲ್ಲಿ ಒಂದೇ ದಿನಕ್ಕೆ ತಿಂದುಹೋಗಬಹುದು. ಒಂದು ಹೊಸ ಜೊತೆ ಡಿಕ್ಕಿಯಲ್ಲಿ ಇದ್ದರೆ ವಾಪಸ್ ಬರುವ ಚಿಂತೆ ಇಲ್ಲ. ರಾತ್ರಿ ಮಳೆಗೆ ಡಿಸ್ಕಿನ ಮೇಲೆ ಕೂರುವ ಕೆಂಪು ತುಕ್ಕು ನಾಲ್ಕು ಸಲ ಬ್ರೇಕ್ ಹಾಕಿದರೆ ಹೋಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಗುಳಿ ಬಿದ್ದ ತುಕ್ಕು, ಅಂಚಿನಲ್ಲಿ ಬಿರುಕು ಇದ್ದರೆ ಡಿಸ್ಕ್ ಬದಲಿಸಿ. ಕನಿಷ್ಠ ದಪ್ಪ ಎಷ್ಟಿರಬೇಕು ಎಂದು ಡಿಸ್ಕಿನ ಮೇಲೇ ಕೊರೆದಿರುತ್ತಾರೆ, ಅಳತೆ ಮಾಡಿಸಿ. ಹಿಂದಿನ ಡ್ರಮ್ಮನ್ನೂ ಒಮ್ಮೆ ಬಿಚ್ಚಿಸಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದ ಕಾರಿನಲ್ಲಿ ಶೂ ಡ್ರಮ್ಮಿಗೆ ಅಂಟಿರುತ್ತದೆ. ಘಟ್ಟದ ಮೇಲಿನವರ ಡ್ರಮ್ಮಿನಲ್ಲಿ ಕೆಂಪು ಮಣ್ಣು ತುಂಬಿರುತ್ತದೆ.

ಉಪ್ಪು ತಿಂದ ಜಾಗಗಳು

ಕಾರವಾರದಲ್ಲಿ ಟ್ಯಾಗೋರ್ ಕಡಲತೀರದ ಪಕ್ಕದಲ್ಲೇ ಹೆದ್ದಾರಿ ಹೋಗುತ್ತದೆ. ಸಂಜೆ ಅಲ್ಲಿ ಕಾರು ನಿಲ್ಲಿಸಿದರೆ ಗಾಜಿನ ಮೇಲೆ ಬೆರಳು ಎಳೆದಾಗ ಜಿಗುಟು ಹತ್ತುತ್ತದೆ. ಅದೇ ಉಪ್ಪು ಕಾರಿನ ತಳದಲ್ಲೂ ಕೂರುತ್ತದೆ. ಲಿಫ್ಟ್ ಮೇಲೆ ಏರಿಸಿ, ಟಾರ್ಚ್ ಹಿಡಿದು ನೀವೇ ನೋಡಿ. ಬ್ರೇಕಿನ ಲೋಹದ ಪೈಪು, ಅದನ್ನು ಹಿಡಿದ ಕ್ಲಿಪ್ಪು, ಸ್ಪ್ರಿಂಗ್ ಕೂರುವ ತಟ್ಟೆ, ಕಂಟ್ರೋಲ್ ಆರ್ಮಿನ ಬೋಲ್ಟು, ಸೈಲೆನ್ಸರಿನ ರಬ್ಬರ್, ಬ್ಯಾಟರಿಯ ಅರ್ತ್ ವೈರು. ಪೈಪಿನ ಮೇಲೆ ತುಕ್ಕು ಹೊಪ್ಪಳಿಕೆ ಎದ್ದಿದ್ದರೆ ಪೈಪು ಬದಲಿಸಿದ ಮೇಲೆಯೇ ಟ್ರ್ಯಾಕಿನ ಮಾತು. ಬ್ಯಾಟರಿಯನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಅದು ಅಲುಗಬಾರದು.

ಇನ್ನೊಂದು, ಅಲಾಯ್ ಚಕ್ರ ಹಬ್ಬಿಗೆ (ಚಕ್ರವನ್ನು ಬೋಲ್ಟು ಹಾಕಿ ಕೂರಿಸುವ ಲೋಹದ ಭಾಗ) ಕಚ್ಚಿ ಕೂರುವುದು. ಕರಾವಳಿಯಲ್ಲಿ ಇದು ಎಲ್ಲರ ಅನುಭವ. ನಾಲ್ಕೂ ಚಕ್ರವನ್ನು ಊರಲ್ಲೇ ಒಮ್ಮೆ ಬಿಚ್ಚಿ, ಹಬ್ಬಿನ ಮುಖವನ್ನು ತಂತಿಯ ಬ್ರಷ್ಷಿನಲ್ಲಿ ಉಜ್ಜಿ. ಮಧ್ಯೆ ತುಕ್ಕಿನ ಪದರ ಇದ್ದರೆ ಚಕ್ರ ಸಮನಾಗಿ ಕೂರುವುದಿಲ್ಲ, ಬಿಗಿ ಮಾಡಿದ ಬೋಲ್ಟು ಕಾವಿಗೆ ಸಡಿಲವಾಗುತ್ತದೆ. ಬಿಗಿ ಮಾಡಲು ಟಾರ್ಕ್ ಪಾನಾ (ಎಷ್ಟು ಬಿಗಿ ಎಂದು ಅಳೆಯುವ ಪಾನಾ) ಬೇಕೇ ಬೇಕು. ನನ್ನ ಪೋಲೋಗೆ 120 ನ್ಯೂಟನ್ ಮೀಟರ್, ನಿಮ್ಮ ಕಾರಿಗೆ ಎಷ್ಟು ಎಂಬುದು ಪುಸ್ತಕದಲ್ಲಿದೆ. ಕಾಲಿನಿಂದ ತುಳಿದು ಬಿಗಿ ಮಾಡುವುದು ಟ್ರ್ಯಾಕಿಗೆ ಸಲ್ಲದು. ಅಲ್ಲಿ ಪ್ರತಿ ಸೆಷನ್ ಆದ ಮೇಲೆ, ಚಕ್ರ ಆರಿದಾಗ ಮತ್ತೆ ನೋಡಬೇಕು.

ಎಂಜಿನ್ ಆಯಿಲ್ ಅಳತೆ ಕಡ್ಡಿಯ ಮೇಲಿನ ಗೆರೆಯ ಹತ್ತಿರ ಇರಲಿ, ಗೆರೆ ದಾಟುವುದು ಬೇಡ. ಕೂಲಂಟ್ ಕಮ್ಮಿಯಾಗಿದ್ದರೆ ಬಾವಿ ನೀರು ಸುರಿಯಬೇಡಿ, ನಮ್ಮ ಕಡಲಂಚಿನ ಬಾವಿಗಳಲ್ಲಿ ಉಪ್ಪಿನಂಶ ಇರುತ್ತದೆ. ಎಂಜಿನ್ ಆರಿದ ಮೇಲೆ ಸರಿಯಾದ ಕೂಲಂಟನ್ನೇ ಹಾಕಿ.

ಟೈರು

ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2322 ಎಂದಿದ್ದರೆ 2022ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ ಟೈರು ನೋಡಲು ಚೆನ್ನಾಗಿದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ, ಹಿಡಿತ ಕಮ್ಮಿ. ಬದಿಯಲ್ಲಿ ಸೀಳು, ಉಬ್ಬು ಇದ್ದರೆ ಅದನ್ನು ಟ್ರ್ಯಾಕಿಗೆ ಒಯ್ಯುವ ವಿಚಾರವೇ ಬೇಡ. ಅಲೈನ್‌ಮೆಂಟ್ ಹೊರಡುವ ವಾರ ಮಾಡಿಸಿ.

ಹವಾದ ಲೆಕ್ಕ ಮಾತ್ರ ಅಲ್ಲೇ ಮಾಡಬೇಕು. ಟೈರಿನ ಕಾವು 5–6 ಡಿಗ್ರಿ ಏರಿದರೆ ಹವಾ ಸುಮಾರು ಒಂದು ಪಿಎಸ್‌ಐ ಏರುತ್ತದೆ. ಬೆಳಿಗ್ಗೆ 33 ಇದ್ದದ್ದು ಒಂದು ಸೆಷನ್ ಮುಗಿಯುವಷ್ಟರಲ್ಲಿ 38–39 ಆಗಬಹುದು. ಆಗ ಟೈರು ಉಬ್ಬಿ ನೆಲಕ್ಕೆ ತಾಗುವ ಜಾಗ ಕಮ್ಮಿಯಾಗುತ್ತದೆ, ಕಾರು ಜಾರತೊಡಗುತ್ತದೆ. ನಿಮ್ಮದೇ ಗೇಜ್ ತೆಗೆದುಕೊಂಡು ಹೋಗಿ. ಪಿಟ್ಟಿಗೆ ಬಂದ ತಕ್ಷಣ ನಾಲ್ಕೂ ಟೈರು ಅಳೆದು ಪುಸ್ತಕದಲ್ಲಿ ಬರೆಯಿರಿ, ಹೆಚ್ಚಾದದ್ದನ್ನು ಬಿಡಿ. ಇನ್‌ಸ್ಟ್ರಕ್ಟರ್ ಇದ್ದರೆ ಎಷ್ಟಕ್ಕೆ ಇಳಿಸಬೇಕು ಎಂದು ಕೇಳಿ. ಸಂಜೆ ಊರಿಗೆ ಹೊರಡುವ ಮುಂಚೆ, ಟೈರು ಆರಿದ ಮೇಲೆ, ಬಾಗಿಲ ಪಕ್ಕದ ಸ್ಟಿಕ್ಕರಿನಲ್ಲಿ ಇದ್ದಷ್ಟು ಮತ್ತೆ ತುಂಬಿಸುವುದನ್ನು ಮರೆಯಬೇಡಿ. ಕಮ್ಮಿ ಹವಾದಲ್ಲಿ ಹೆದ್ದಾರಿ ಓಡಿಸುವುದು ಅಪಾಯ.

ಚೀಲಕ್ಕೆ ಏನು, ಮನೆಯಲ್ಲಿ ಏನು

ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ಬೇಕು. ಯಾವ ದರ್ಜೆಯದು ಎಂದು ಆಯೋಜಕರನ್ನು ಮೊದಲೇ ಕೇಳಿ. ಕೆಲವರು ಐಎಸ್‌ಐ ಗುರುತಿನದನ್ನು ಒಪ್ಪುತ್ತಾರೆ, ಕೆಲವರು ಕಾರಿಗೆಂದೇ ಮಾಡಿದ ಸ್ನೆಲ್ ಎಸ್‌ಎ ದರ್ಜೆ ಕೇಳುತ್ತಾರೆ. ಎಸ್‌ಎ ಹೆಲ್ಮೆಟ್ ಬೆಂಕಿಯನ್ನು ತಡೆಯುವ ಹಾಗೆ ಇರುತ್ತದೆ. ಉದ್ದ ತೋಳಿನ ಹತ್ತಿ ಅಂಗಿ, ಹತ್ತಿ ಪ್ಯಾಂಟು, ತೆಳು ತಳದ ಶೂ. ನೈಲಾನ್ ಬೇಡ, ಬೆಂಕಿ ತಾಗಿದರೆ ಮೈಗೆ ಅಂಟುತ್ತದೆ.

ಟೋ ಹುಕ್ ಡಿಕ್ಕಿಯ ಸಾಮಾನಿನ ಜೊತೆ ಇರುತ್ತದೆ. ಊರಲ್ಲೇ ತಿರುಗಿಸಿ ಹಾಕಿ ನೋಡಿ. ಕೆಲವು ಕಾರುಗಳಲ್ಲಿ ಅದನ್ನು ಎಡಕ್ಕೆ ತಿರುಗಿಸಿ ಬಿಗಿ ಮಾಡಬೇಕು. ಅದರ ತಿರುಪಿನಲ್ಲೂ ನಮ್ಮ ಕಡೆ ತುಕ್ಕು ಹಿಡಿದಿರುತ್ತದೆ, ಸ್ವಲ್ಪ ಗ್ರೀಸ್ ಹಚ್ಚಿಡಿ.

ಟ್ರ್ಯಾಕಿಗೆ ಇಳಿಯುವ ಮುಂಚೆ ಕಾರಿನೊಳಗೆ ಏನೂ ಇರಬಾರದು. ಡ್ರೈವರ್ ಕಡೆಯ ಮ್ಯಾಟ್, ನೀರಿನ ಬಾಟಲಿ, ಕೊಡೆ, ಸ್ಟೆಪ್ನಿ, ಜಾಕ್, ಸೀಟಿನಡಿ ಸೇರಿದ ಚಿಲ್ಲರೆ ದುಡ್ಡು, ಎಲ್ಲ ಹೊರಗೆ. ಬಾಟಲಿ ಉರುಳಿ ಬ್ರೇಕ್ ಪೆಡಲ್ ಕೆಳಗೆ ಸಿಕ್ಕಿಕೊಂಡರೆ ಮಾಡಿದ ತಯಾರಿಯೆಲ್ಲ ನೀರಲ್ಲಿ ಹೋಮ. ಡ್ಯಾಶ್‌ಬೋರ್ಡಿಗೆ ಅಂಟಿಸಿದ ಗಣಪತಿಯನ್ನೂ ನಮಸ್ಕಾರ ಮಾಡಿ ಬಿಡಿಸಿ, ಮನೆಯ ದೇವರ ಕೋಣೆಯಲ್ಲೇ ಇಟ್ಟು ಹೋಗಿ. ಗಮ್ಮು ಬಿಟ್ಟರೆ ಅದೂ ಹಾರುವ ವಸ್ತುವೇ.

ವಿಮೆಯ ವಿಷಯ ಗಟ್ಟಿಯಾಗಿ ಹೇಳಬೇಕು. ನಮ್ಮ ಖಾಸಗಿ ಕಾರಿನ ಪಾಲಿಸಿಯಲ್ಲಿ ರೇಸು, ವೇಗದ ಪರೀಕ್ಷೆಯಂಥ ಬಳಕೆಯನ್ನು ಹೊರಗಿಟ್ಟಿರುತ್ತಾರೆ. ಟ್ರ್ಯಾಕಿನಲ್ಲಿ ಆದ ಪೆಟ್ಟಿಗೆ ವಿಮೆ ಸಿಗುವುದಿಲ್ಲ ಎಂದುಕೊಂಡೇ ಹೋಗಿ. ಪೆಟ್ಟಾದರೆ ಸರಿ ಮಾಡಿಸುವ ಶಕ್ತಿ ಇಲ್ಲದ ಕಾರನ್ನು, ಅಥವಾ ಮನೆಯವರೆಲ್ಲ ನಂಬಿಕೊಂಡಿರುವ ಒಂದೇ ಕಾರನ್ನು, ಒಯ್ಯುವ ಮೊದಲು ಮನೆಯಲ್ಲಿ ಕೂತು ಮಾತಾಡಿ.

ಹೋಗುವ ದಾರಿ

ಕಾರವಾರದಿಂದ ಇರುಂಗಾಟ್ಟುಕೋಟೈಗೆ 800 ಕಿ.ಮೀ.ಗೂ ಜಾಸ್ತಿ. ಅಂಕೋಲಾದಿಂದ ಅರಬೈಲು ಘಟ್ಟ ಹತ್ತಿ ಯಲ್ಲಾಪುರ, ಹುಬ್ಬಳ್ಳಿ. ಹುಬ್ಬಳ್ಳಿಯಿಂದ ದಾವಣಗೆರೆ, ತುಮಕೂರು, ಬೆಂಗಳೂರು, ಕೃಷ್ಣಗಿರಿ, ವೆಲ್ಲೂರು ಹಾದು ಶ್ರೀಪೆರಂಬುದೂರಿನವರೆಗೆ ಅದೇ ಎನ್‌ಎಚ್ 48. ಒಂದೇ ಏಟಿಗೆ ಹೋಗಬೇಡಿ. ಬೆಂಗಳೂರಿನಲ್ಲಿ ಒಂದು ರಾತ್ರಿ, ಟ್ರ್ಯಾಕಿನ ಹತ್ತಿರ ಇನ್ನೊಂದು ರಾತ್ರಿ. ನಿದ್ದೆಗೆಟ್ಟ ಕಣ್ಣಲ್ಲಿ ಹೆಲ್ಮೆಟ್ ಹಾಕಬಾರದು. ಪೆಟ್ರೋಲ್ ಬೆಳಿಗ್ಗೆಯೇ ತುಂಬಿಸಿ. ಟ್ರ್ಯಾಕಿನಲ್ಲಿ ಅದು ಊರಿನ ಲೆಕ್ಕಕ್ಕಿಂತ ಎರಡು ಮೂರು ಪಟ್ಟು ಬೇಗ ಖಾಲಿಯಾಗುತ್ತದೆ.

ಅರಬೈಲು ಘಟ್ಟವನ್ನೋ ನಾಲ್ಕು ಪಥದ ಖಾಲಿ ಹೆದ್ದಾರಿಯನ್ನೋ ಅಭ್ಯಾಸಕ್ಕೆ ಬಳಸುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಆ ತಿರುವಿನ ಆಚೆ ಅದಿರಿನ ಲಾರಿ ಇರಬಹುದು, ಶಾಲೆ ಮಕ್ಕಳು ಇರಬಹುದು. ಅಭ್ಯಾಸ ಬೇಕಿದ್ದರೆ ಬೆಂಗಳೂರಿನಲ್ಲಿ ಕಾರ್ಟಿಂಗ್ ಮಾಡಿ. ತಿರುವಿನ ಗೆರೆ ಹಿಡಿಯುವುದು ಅಲ್ಲೇ ಚೆನ್ನಾಗಿ ಕಲಿಯಬಹುದು.

ಊಟ ಹಗುರವಾಗಿರಲಿ. ಚೆನ್ನೈ ಬಿಸಿಲಿನಲ್ಲಿ ಹೆಲ್ಮೆಟ್ ಒಳಗೆ ಬೆವರು ಸುರಿಯುತ್ತದೆ. ನಾನು ಉಪ್ಪು ಬೆರೆಸಿದ ಮುರುಗಲು (ಕೋಕಂ) ಪಾನಕ ಒಯ್ಯುತ್ತೇನೆ, ಓಆರ್‌ಎಸ್ ಕೂಡ ಆದೀತು. ಶಿರಸಿಯ ಗೆಳೆಯ ಮಾವಿನಕಾಯಿಯ ಅಪ್ಪೆಹುಳಿ ತರುತ್ತೇನೆ ಅಂದರೆ ರಾತ್ರಿ ಊಟಕ್ಕೆ ತಾ ಅನ್ನುತ್ತೇನೆ. ಅದು ಕುಡಿದರೆ ಕಣ್ಣು ಎಳೆಯುತ್ತದೆ ಎಂಬುದು ಅವರೇ ಹೇಳುವ ಮಾತು.

ಟ್ರ್ಯಾಕಿನಲ್ಲಿ

ಬೆಳಗಿನ ಬ್ರೀಫಿಂಗ್ ತಪ್ಪಿಸಬೇಡಿ. ಬಾವುಟಗಳು ಬಾಯಿಪಾಠ ಆಗಿರಲಿ. ಹಳದಿ ಅಂದರೆ ಮುಂದೆ ಅಪಾಯ, ನಿಧಾನ, ಯಾರನ್ನೂ ದಾಟಬಾರದು. ಕೆಂಪು ಅಂದರೆ ಸೆಷನ್ ನಿಂತಿದೆ, ನಿಧಾನ ಪಿಟ್ಟಿಗೆ ಬನ್ನಿ. ನೀಲಿ, ಹಿಂದೆ ವೇಗದ ಕಾರು ಇದೆ. ಹಳದಿ ಮತ್ತು ಕೆಂಪು ಪಟ್ಟೆ, ನೆಲ ಜಾರುತ್ತಿದೆ. ಕಪ್ಪು ತೋರಿಸಿದರೆ ನಿಮ್ಮನ್ನೇ ಕರೆಯುತ್ತಿದ್ದಾರೆ. ದಾಟುವುದು ಎಲ್ಲಿ, ಹೇಗೆ ಸನ್ನೆ ಮಾಡಬೇಕು ಎಂಬುದು ಆಯೋಜಕರ ನಿಯಮ. ಅರ್ಥ ಆಗದಿದ್ದರೆ ಅಲ್ಲೇ ಕೈಯೆತ್ತಿ ಕೇಳಿ.

ಸೀಟಿಗೆ ಬೆನ್ನು ಪೂರ್ತಿ ತಾಗಲಿ. ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿಗೆ ಬರಬೇಕು. ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು. ಮೊದಲ ಸೆಷನ್ನಿನಲ್ಲಿ ವೇಗದ ಯೋಚನೆ ಬಿಡಿ, ದಾರಿ ಕಲಿಯಿರಿ. ತಿರುವಿಗೆ ಹೊರಗಿನಿಂದ ಬಂದು, ಒಳ ಅಂಚನ್ನು ಸವರಿ, ಮತ್ತೆ ಹೊರಕ್ಕೆ ಬಿಡುವುದು. ಬ್ರೇಕನ್ನು ಸ್ಟೀರಿಂಗ್ ನೆಟ್ಟಗಿರುವಾಗಲೇ ಹಾಕಿ ಮುಗಿಸುವುದು. ಕಣ್ಣು ಬೋನೆಟ್ಟಿನ ಮುಂದೆ ಅಲ್ಲ, ಹೋಗಬೇಕಾದ ಕಡೆ. ಶುರುವಿಗೆ ಇಷ್ಟು ಸಾಕು, ಉಳಿದದ್ದನ್ನು ಪಕ್ಕದಲ್ಲಿ ಕೂತ ಇನ್‌ಸ್ಟ್ರಕ್ಟರ್ ಕಲಿಸುತ್ತಾರೆ.

ಕೊನೆಯ ಸುತ್ತು ಆದಷ್ಟು ಬ್ರೇಕ್ ಮುಟ್ಟದೆ ನಿಧಾನ ಓಡಿಸಿ, ಬ್ರೇಕು, ಎಂಜಿನ್, ಟರ್ಬೋ ಎಲ್ಲ ಆರುತ್ತವೆ. ಪಿಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಬಿಸಿ ಬ್ರೇಕನ್ನು ಬಿಗಿ ಹಿಡಿದಿಟ್ಟರೆ ಶೂವಾದರೂ ಪ್ಯಾಡಾದರೂ ಅಂಟಬಹುದು. ಎಂಜಿನ್ ಆರಿಸಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲೋ ಮರದ ತುಂಡೋ ಕೊಡಿ. ಬೋನೆಟ್ ಎತ್ತಿಡಿ.

ಊರಿಗೆ ಬಂದ ಮೇಲೆ ಅದೇ ವಾರ ಚಕ್ರ ಬಿಚ್ಚಿ ಪ್ಯಾಡಿನ ದಪ್ಪ ನೋಡಿ, ಬೋಲ್ಟುಗಳನ್ನು ಟಾರ್ಕ್ ಪಾನಾದಲ್ಲಿ ಮತ್ತೆ ಪರೀಕ್ಷಿಸಿ. ಪ್ಯಾಡ್ ಹತ್ತಿರದ ರಬ್ಬರ್ ಬೂಟು ಕಾವಿಗೆ ಬಿರಿದಿದ್ದರೆ ಬದಲಿಸಿ. ಬಿರುಕಿನಲ್ಲಿ ಉಪ್ಪುಗಾಳಿ ಹೊಕ್ಕರೆ ಮುಂದಿನ ಮಳೆಗಾಲದೊಳಗೆ ಕ್ಯಾಲಿಪರ್ ಹಿಡಿಯುತ್ತದೆ. ಬ್ರೇಕ್ ಆಯಿಲ್ ಬದಲಿಸಿದ ತಾರೀಕನ್ನು ಒಂದು ಚೀಟಿಯಲ್ಲಿ ಬರೆದು ಬೋನೆಟ್ಟಿನ ಒಳಬದಿಗೆ ಅಂಟಿಸಿಡಿ.